ಬ್ಯಾಕುಲಾ: ಒಂಬತ್ತು ರಾತ್ರಿಯಿಂದ ಜಾಬ್ ‘ವೇಟಿಂಗ್’ನಲ್ಲೇ ನಿಂತಿದೆ, ಎಲ್ಲಿಂದ ನೋಡಲಿ?

ಹೊಸಬ_ಅಡ್ಮಿನ್ · ಸೋಮವಾರ, ಬೆಳಿಗ್ಗೆ 10:42

ಎಲ್ಲರಿಗೂ ನಮಸ್ಕಾರ. ನಾನು ಒಂದು ಖಾಸಗಿ ಕಾಲೇಜಿನಲ್ಲಿ ಸಿಸ್ಟಮ್ ಅಡ್ಮಿನ್. ಆಗಸ್ಟ್‌ನಲ್ಲಿ ಸೇರಿದೆ. ಮುಂಚೆ ಇದ್ದವರು ಜೂನ್ ಕೊನೆಗೇ ಬಿಟ್ಟು ಹೋಗಿದ್ದರು, ಕೈ ಹಿಡಿದು ಹೇಳಿಕೊಟ್ಟವರು ಯಾರೂ ಇಲ್ಲ. ಸಿಕ್ಕಿದ್ದು ಒಂದು ನೋಟ್‌ಬುಕ್ ಮಾತ್ರ.

ಮೂರು ಮಷಿನ್ ಇವೆ. ಫೀಸು, ಹಾಜರಿ ಎಲ್ಲ ಇರುವ ಲಿನಕ್ಸ್ ಸರ್ವರ್ (ಮೈಎಸ್‌ಕ್ಯುಎಲ್), ಲೈಬ್ರರಿ ಸರ್ವರ್, ಆಫೀಸಿನ ವಿಂಡೋಸ್ ಸರ್ವರ್. ಮೂರಕ್ಕೂ ಬ್ಯಾಕುಲಾ ಅನ್ನುವ ಬ್ಯಾಕಪ್ ಸಾಫ್ಟ್‌ವೇರ್, ಅದರಲ್ಲಿ ಒಂದೊಂದು ಬ್ಯಾಕಪ್ ಕೆಲಸವೂ ಒಂದು ‘ಜಾಬ್’. ತಿಂಗಳ ಮೊದಲ ಭಾನುವಾರ ಫುಲ್ (ಎಲ್ಲ ಫೈಲ್), ಉಳಿದ ಭಾನುವಾರ ಡಿಫರೆನ್ಷಿಯಲ್ (ಕೊನೆಯ ಫುಲ್ ನಂತರ ಬದಲಾದದ್ದು), ಬಾಕಿ ದಿನ ಇನ್‌ಕ್ರಿಮೆಂಟಲ್ (ಹಿಂದಿನ ಬ್ಯಾಕಪ್ ನಂತರ ಬದಲಾದದ್ದು), ಎಲ್ಲ ರಾತ್ರಿ 11:05ಕ್ಕೆ. ಬ್ಯಾಕಪ್ ಹೋಗಿ ಕೂರುವುದು ಒಂದು ನ್ಯಾಸ್ (ನೆಟ್‌ವರ್ಕ್‌ನಲ್ಲಿರುವ ಡಿಸ್ಕ್ ಪೆಟ್ಟಿಗೆ) ಮೇಲೆ.

ಇವತ್ತು ಆಫೀಸಿನವರು ಅಳಿಸಿಹೋದ ಒಂದು ಎಕ್ಸೆಲ್ ಫೈಲ್ ಕೇಳಿದರು. ಕನ್ಸೋಲ್ ತೆಗೆದು ‘ಸ್ಟೇಟಸ್ ಡೈರೆಕ್ಟರ್’ ಕೊಟ್ಟರೆ ರನ್ನಿಂಗ್ ಜಾಬ್ಸ್ ಅಂತ 36 ಸಾಲು! ಎಲ್ಲವೂ ವೇಟಿಂಗ್. ಹಿಂದಿನ ಶನಿವಾರದಿಂದ ಒಂದೂ ಮುಗಿದಿಲ್ಲ. ವಾಲ್ಯೂಮ್ (ಬ್ಯಾಕಪ್ ತುಂಬಿಡುವ ಫೈಲ್) ಸಿಗುತ್ತಿಲ್ಲ ಅಂತ ಏನೋ ಹೇಳುತ್ತಿದೆ. ಕಾನ್ಫಿಗ್‌ನಲ್ಲಿ ವಾಲ್ಯೂಮ್ ರಿಟೆನ್ಷನ್ (ಮರುಬಳಕೆ ಮಾಡದೆ ಇಟ್ಟುಕೊಳ್ಳುವ ಅವಧಿ) 365 ದಿನ ಇತ್ತು, ಅದನ್ನು 60 ಮಾಡಿ ರೀಲೋಡ್ ಕೊಟ್ಟೆ. ಏನೂ ಬದಲಾಗಲಿಲ್ಲ. ದಯವಿಟ್ಟು ದಾರಿ ತೋರಿಸಿ.

ಬಿಂದಾಸ್_ಬೈಟ್ · ಬೆಳಿಗ್ಗೆ 10:58

ಸಿಂಪಲ್ ಗುರು. ಡಿಸ್ಕ್ ತುಂಬಿದೆ ಅಷ್ಟೇ. ನ್ಯಾಸ್‌ಗೆ ಹೋಗಿ ಹಳೆಯ ವಾಲ್ಯೂಮ್ ಫೈಲ್ ಹತ್ತು ಡಿಲೀಟ್ ಮಾಡಿ, ಸರ್ವಿಸ್ ರೀಸ್ಟಾರ್ಟ್ ಮಾಡಿ. ನಾನು ಹೀಗೇ ಮಾಡೋದು.

ಟೇಪಣ್ಣ · ಬೆಳಿಗ್ಗೆ 11:15

ಡಿಲೀಟ್ ಮಾಡಬೇಡಿ! ಮಾಡಿಬಿಟ್ಟಿದ್ದರೆ ಮೊದಲು ಅದನ್ನು ಹೇಳಿ.

ವಾಲ್ಯೂಮ್ ಫೈಲ್ ನ್ಯಾಸ್‌ನಲ್ಲಿ ಇರುತ್ತದೆ. ಅದರ ಲೆಕ್ಕ ಕ್ಯಾಟಲಾಗ್ ಡೇಟಾಬೇಸ್‌ನಲ್ಲಿ ಇರುತ್ತದೆ. ಫೈಲನ್ನು ಕೈಯಲ್ಲಿ ಅಳಿಸಿದರೆ ಲೆಕ್ಕದಲ್ಲಿ ಅದು ಇನ್ನೂ ಇದೆ. ನಾಳೆ ಬ್ಯಾಕುಲಾ ಅದನ್ನೇ ಮರುಬಳಕೆಗೆ ಅಂತ ಹುಡುಕಿಕೊಂಡು ಹೋಗುತ್ತದೆ, ಲೇಬಲ್ ಓದಲು ಆಗುವುದಿಲ್ಲ, ಆ ವಾಲ್ಯೂಮನ್ನು ‘ಎರರ್’ ಅಂತ ಗುರುತು ಹಾಕಿ ಮುಂದಕ್ಕೆ ಹೋಗುತ್ತದೆ. ಒಂದು ತೊಂದರೆ ಹೋಗಿ ಎರಡಾಯಿತು.

ಮೂರು ವಿಷಯ ಹಾಕಿ. 36 ಸಾಲಿನಲ್ಲಿ ಮೊದಲ ಸಾಲು, ನಡುವಿನ ಯಾವುದಾದರೂ ಒಂದು, ಕೊನೆಯದು, ಇವು ಏನು ಹೇಳುತ್ತಿವೆ? ‘ಲಿಸ್ಟ್ ವಾಲ್ಯೂಮ್ಸ್’ ಕೊಟ್ಟರೆ ಎಷ್ಟು ವಾಲ್ಯೂಮ್, ಯಾವ ಯಾವ ಸ್ಥಿತಿ? ನ್ಯಾಸ್‌ನಲ್ಲಿ ಜಾಗ ಎಷ್ಟು ಉಳಿದಿದೆ?

ಹೊಸಬ_ಅಡ್ಮಿನ್ · ಬೆಳಿಗ್ಗೆ 11:40

ಏನೂ ಡಿಲೀಟ್ ಮಾಡಿಲ್ಲ ಸರ್, ಕೈ ಕಟ್ಟಿಕೊಂಡು ಕೂತಿದ್ದೇನೆ.

ಮೊದಲ ಸಾಲು: ‘ಈಸ್ ವೇಟಿಂಗ್ ಫಾರ್ ಆನ್ ಅಪೆಂಡಬಲ್ ವಾಲ್ಯೂಮ್’.
ನಡುವೆ ಹೆಚ್ಚಿನವು: ‘ಈಸ್ ವೇಟಿಂಗ್ ಆನ್ ಮ್ಯಾಕ್ಸ್ ಸ್ಟೋರೇಜ್ ಜಾಬ್ಸ್’.
ಕೊನೆಯದು ಬ್ಯಾಕಪ್‌ಕ್ಯಾಟಲಾಗ್, ಅದರ ಮುಂದೆ ‘ವೇಟಿಂಗ್ ಫಾರ್ ಹೈಯರ್ ಪ್ರಯಾರಿಟಿ ಜಾಬ್ಸ್ ಟು ಫಿನಿಶ್’.

ವಾಲ್ಯೂಮ್ ಸರಿಯಾಗಿ 100. ಪ್ರತಿಯೊಂದೂ 20 ಜಿಬಿ. ಎಲ್ಲವೂ ಫುಲ್ (ತುಂಬಿದೆ) ಇಲ್ಲಾ ಯೂಸ್ಡ್ (ಬಳಸಿ ಮುಗಿಸಿದ್ದು), ಅಪೆಂಡ್ (ಇನ್ನೂ ಬರೆಯಬಹುದು) ಅಂತ ಒಂದೂ ಇಲ್ಲ. ಪೂಲ್‌ನಲ್ಲಿ (ವಾಲ್ಯೂಮ್‌ಗಳ ಗುಂಪು) ಮ್ಯಾಕ್ಸಿಮಮ್ ವಾಲ್ಯೂಮ್ಸ್ ಕೂಡ 100. ನ್ಯಾಸ್ ಒಟ್ಟು 2.7 ಟಿಬಿ, ಅದರಲ್ಲಿ ಸುಮಾರು 700 ಜಿಬಿ ಖಾಲಿ ಇದೆ. ಡಿಸ್ಕ್ ತುಂಬಿಲ್ಲ!

ಟೇಪಣ್ಣ · ಮಧ್ಯಾಹ್ನ 12:20

ಸರಿ, ಈಗ ಚಿತ್ರ ಸ್ಪಷ್ಟ. ಸ್ವಲ್ಪ ಉದ್ದ ಬರೆಯುತ್ತೇನೆ, ಊಟ ಮಾಡಿಕೊಂಡೇ ಓದಿ.

36 ಸಾಲು ನೋಡಿ ಹೆದರಬೇಡಿ. ಕೆಟ್ಟಿರುವುದು ಒಂದೇ ಜಾಬ್, ಮೊದಲನೆಯದು. 100 ವಾಲ್ಯೂಮ್‌ನಲ್ಲೂ ಬರೆಯಲು ಜಾಗ ಇಲ್ಲ, ಮಿತಿಯೂ 100 ಆದ್ದರಿಂದ ಹೊಸದು ಹುಟ್ಟುವುದಿಲ್ಲ, ರಿಟೆನ್ಷನ್ ಮುಗಿಯದ ಕಾರಣ ಹಳೆಯದು ಮರುಬಳಕೆಗೆ ಸಿಗುವುದಿಲ್ಲ. ಉಳಿದ 35 ಅದರ ಹಿಂದೆ ನಿಂತಿವೆ. ಟೋಲ್ ಗೇಟಿನಲ್ಲಿ ಮುಂದಿನ ಲಾರಿ ಕೆಟ್ಟು ನಿಂತರೆ ಹಿಂದಿನ ಬಸ್ಸಿನಲ್ಲಿ ದೋಷ ಹುಡುಕಿ ಏನು ಪ್ರಯೋಜನ? ‘ವೇಟಿಂಗ್’ ಅಂದ ತಕ್ಷಣ ನೋಡಬೇಕಾದ್ದು ಯಾರಿಗಾಗಿ ಕಾಯುತ್ತಿದೆ ಅನ್ನುವುದನ್ನು. ಮ್ಯಾಕ್ಸ್ ಸ್ಟೋರೇಜ್ ಜಾಬ್ಸ್ ಅಂದರೆ ಸ್ಟೋರೇಜನ್ನು ಬೇರೆ ಜಾಬ್ ಹಿಡಿದುಕೊಂಡಿದೆ ಅಂತ. ಕ್ಯಾಟಲಾಗ್ ಬ್ಯಾಕಪ್‌ಗೆ ಮಾದರಿ ಕಾನ್ಫಿಗ್‌ನಲ್ಲೇ ಪ್ರಯಾರಿಟಿ 11 ಇರುತ್ತದೆ, ಉಳಿದವಕ್ಕೆ 10. 10ರವು ಎಲ್ಲ ಮುಗಿದ ಮೇಲೇ 11ರದ್ದು ಓಡುತ್ತದೆ. ಅಂದರೆ ಒಂಬತ್ತು ರಾತ್ರಿಯಿಂದ ನಿಮ್ಮ ಕ್ಯಾಟಲಾಗ್‌ಗೂ ಬ್ಯಾಕಪ್ ಇಲ್ಲ. ನನಗೆ ಜಾಸ್ತಿ ಭಯ ಆಗುವುದು ಇದಕ್ಕೇ. ಕ್ಯಾಟಲಾಗ್ ಹೋದರೆ ಪ್ರತಿ ವಾಲ್ಯೂಮನ್ನೂ ಬಿಸ್ಕ್ಯಾನ್ ಅನ್ನುವ ಟೂಲ್‌ನಲ್ಲಿ ಮೊದಲಿಂದ ಓದಿಸಿ ಲೆಕ್ಕ ಕಟ್ಟಬೇಕಾಗುತ್ತದೆ.

ಈಗ ರಿಟೆನ್ಷನ್. ನೀವು 60 ಮಾಡಿದ್ದು ಯಾಕೆ ಕೆಲಸ ಮಾಡಲಿಲ್ಲ? ವಾಲ್ಯೂಮ್ ಹುಟ್ಟಿದಾಗ ಪೂಲ್‌ನಲ್ಲಿ ಏನಿತ್ತೋ ಅದು ಆ ವಾಲ್ಯೂಮ್‌ನ ದಾಖಲೆಗೆ ನಕಲಾಗುತ್ತದೆ. ನಿಮ್ಮ ಲೈಬ್ರರಿಯನ್ನೇ ತೆಗೆದುಕೊಳ್ಳಿ. ಇವತ್ತಿಂದ ಪುಸ್ತಕ 15 ದಿನದ ಬದಲು 7 ದಿನ ಅಂತ ನಿಯಮ ಬದಲಿಸಿದರೆ, ಆಗಲೇ ಮನೆಗೆ ಹೋದ ಪುಸ್ತಕದ ಮೇಲೆ ಹೊಡೆದ ಸೀಲು ಬದಲಾಗುತ್ತದಾ? ಇಲ್ಲ. ಹಳೆಯ ವಾಲ್ಯೂಮ್‌ಗಳಿಗೂ ಅನ್ವಯ ಆಗಬೇಕಾದರೆ ಕನ್ಸೋಲ್‌ನಲ್ಲಿ ‘ಅಪ್‌ಡೇಟ್’ ಕೊಟ್ಟು, ವಾಲ್ಯೂಮ್ ಪ್ಯಾರಾಮೀಟರ್ಸ್ ಆರಿಸಿ, ‘ಆಲ್ ವಾಲ್ಯೂಮ್ಸ್ ಫ್ರಮ್ ಪೂಲ್’ ಕೊಡಬೇಕು.

ಇನ್ನೊಂದು. ರಿಟೆನ್ಷನ್ ಎಣಿಕೆ ಶುರುವಾಗುವುದು ವಾಲ್ಯೂಮ್‌ಗೆ ಕೊನೆಯ ಸಲ ಬರೆದ ದಿನದಿಂದ. ಗಾತ್ರದ ಮಿತಿ, ಬಳಕೆಯ ಅವಧಿ ಎರಡೂ ಹಾಕದಿದ್ದರೆ ಒಂದೇ ವಾಲ್ಯೂಮ್‌ಗೆ ದಿನಾ ಬರೆಯುತ್ತಲೇ ಇರುತ್ತದೆ, ಎಣಿಕೆ ದಿನಾ ಸೊನ್ನೆಯಿಂದ ಶುರು. ಹಾಗೆ ಬೆಳೆದು ಡಿಸ್ಕನ್ನೇ ನುಂಗಿದ ವಾಲ್ಯೂಮ್ ನೋಡಿದ್ದೇನೆ. ನಿಮ್ಮದಕ್ಕೆ 20 ಜಿಬಿ ಮಿತಿ ಇದೆ, ಒಳ್ಳೆಯದು.

ಆದರೆ ‘ಅಪ್‌ಡೇಟ್’ ಈಗಲೇ ಕೊಡಬೇಡಿ! ಕೊಟ್ಟ ಕೂಡಲೇ ಹಳೆಯ ವಾಲ್ಯೂಮ್‌ಗಳು ಮರುಬಳಕೆಗೆ ಅರ್ಹ ಆಗುತ್ತವೆ, ಕಾಯುತ್ತಿರುವ ಜಾಬ್ ಅವುಗಳ ಮೇಲೆ ಬರೆಯಲು ಶುರು ಮಾಡುತ್ತದೆ. ಅದಕ್ಕೆ ಮುಂಚೆ ಇತ್ತೀಚಿನ ಬ್ಯಾಕಪ್‌ನಿಂದ ಏನಾದರೂ ಒಂದನ್ನು ರೀಸ್ಟೋರ್ ಮಾಡಿ ನೋಡಿ. ಬೇರೆ ಫೋಲ್ಡರ್‌ಗೆ ಮಾಡಿ, ಇದ್ದದ್ದರ ಮೇಲಲ್ಲ. ಓದಲು ಆಗುತ್ತದೆ ಅಂತ ಗೊತ್ತಾಗದೆ ಹಳೆಯದನ್ನು ಒರೆಸುವುದು ಬೇಡ. ರೀಸ್ಟೋರ್ ಜಾಬ್ ಕೂಡ ಇದೇ ಕ್ಯೂನಲ್ಲಿ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಮೊದಲು 36ನ್ನೂ ಕ್ಯಾನ್ಸಲ್ ಮಾಡಿ.

ಶಿರಸಿ_ಅಡಿಕೆ · ಮಧ್ಯಾಹ್ನ 1:05

ನಾನು ಸುಮ್ನೆ ಲೆಕ್ಕ ಹಾಕಿದೆ. ಒಂದು ಸಲದ ಫುಲ್‌ಗೆ ಎಷ್ಟು ಜಾಗ ಹಿಡಿಯುತ್ತದೆ? ಮತ್ತೆ ‘ಲಿಸ್ಟ್ ಜಾಬ್ಸ್’ನಲ್ಲಿ ಈ ಅಕ್ಟೋಬರ್‌ನ ಫುಲ್ ಇದೆಯಾ ನೋಡಿ. ಹಬ್ಬದ ತಿಂಗಳು, ನನಗೆ ಅನುಮಾನ.

ಹೊಸಬ_ಅಡ್ಮಿನ್ · ಮಧ್ಯಾಹ್ನ 1:31

ಮೂರೂ ಮಷಿನ್ ಸೇರಿ ಫುಲ್ ಸುಮಾರು 310 ಜಿಬಿ.

ಅಕ್ಟೋಬರ್ ಫುಲ್... ಇಲ್ಲ. ಸೆಪ್ಟೆಂಬರ್‌ದೇ ಕೊನೆ. ಕಾರಣ ಹೇಳಲು ನಾಚಿಕೆ ಆಗುತ್ತದೆ. ಆಯುಧ ಪೂಜೆಗೆ ಸರ್ವರ್ ರೂಮ್ ತೊಳೆದು, ರ್‍ಯಾಕಿಗೆ ಅರಿಸಿನ ಕುಂಕುಮ ಹಚ್ಚಿ, ಎಲ್ಲ ಆಫ್ ಮಾಡಿ ರಜೆಗೆ ಹೋದೆವು. ಸೋಮವಾರ ಬಂದು ಆನ್ ಮಾಡಿದ್ದು. ಮೊದಲ ಭಾನುವಾರ ನಡುವೆ ಹೋಯಿತು. ಮಷಿನ್ ಆನ್ ಆದಾಗ ತಪ್ಪಿದ್ದನ್ನು ತಾನೇ ಓಡಿಸಬಹುದು ಅಂದುಕೊಂಡಿದ್ದೆ.

ಶಿರಸಿ_ಅಡಿಕೆ · ಮಧ್ಯಾಹ್ನ 1:44

ಓಡಿಸುವುದಿಲ್ಲ. 11:05ಕ್ಕೆ ಡೈರೆಕ್ಟರ್ (ಜಾಬ್‌ಗಳನ್ನು ಓಡಿಸುವ ಬ್ಯಾಕುಲಾದ ಮುಖ್ಯ ಪ್ರೋಗ್ರಾಂ) ಎದ್ದಿರಬೇಕು, ಇಲ್ಲದಿದ್ದರೆ ಆ ರಾತ್ರಿ ಹೋಯಿತು. ಮುಂದಿನ ಡಿಫರೆನ್ಷಿಯಲ್ ಸೆಪ್ಟೆಂಬರ್ ಫುಲ್‌ನಿಂದ ಲೆಕ್ಕ ಹಿಡಿದು ದಪ್ಪ ಆಗುತ್ತಾ ಹೋಗುತ್ತದೆ ಅಷ್ಟೇ.

310 ಅಂದರೆ ಹನ್ನೆರಡು ಫುಲ್‌ಗೆ 3,720 ಜಿಬಿ. ನಿಮ್ಮ ಪೂಲ್ 100 ಗುಣಿಸು 20, ಅಂದರೆ 2,000. 365 ದಿನದ ರಿಟೆನ್ಷನ್ ಈ ಪೂಲ್‌ನಲ್ಲಿ ಯಾವತ್ತೂ ಹಿಡಿಸುತ್ತಲೇ ಇರಲಿಲ್ಲ. ಹಿಂದಿನವರು ಹೇಗೆ ನಡೆಸುತ್ತಿದ್ದರು?

ಹೊಸಬ_ಅಡ್ಮಿನ್ · ಮಧ್ಯಾಹ್ನ 1:52

ನೋಟ್‌ಬುಕ್‌ನಲ್ಲಿ ಒಂದು ಸಾಲು ಸಿಕ್ಕಿತು: ‘ವಾಲ್ಯೂಮ್ ಮುಗಿದಾಗ ಹಳೆಯ 20 ಪರ್ಜ್’. ಇದೇ ಇರಬೇಕು.

ಟೇಪಣ್ಣ · ಮಧ್ಯಾಹ್ನ 2:10

ಹಾ, ಕೈಯಲ್ಲಿ ಪರ್ಜ್. ಹಳೆಯ ಲೆಕ್ಕ ಅಳಿಸಿ ವಾಲ್ಯೂಮನ್ನು ಮರುಬಳಕೆಗೆ ಬಿಡುವ ಕಮಾಂಡ್ ಎರಡಿವೆ: ಪ್ರೂನ್ ರಿಟೆನ್ಷನ್‌ಗೆ ಮರ್ಯಾದೆ ಕೊಡುತ್ತದೆ, ಪರ್ಜ್ ಕೊಡುವುದಿಲ್ಲ. ಆ ಮನುಷ್ಯ ಇರುವ ತನಕ ನಡೆಯಿತು.

ಕ್ರಾನ್_ಕಮಲ · ಮಧ್ಯಾಹ್ನ 2:25

ನನ್ನದೊಂದು ಪ್ರಶ್ನೆ ತಮ್ಮಾ. ಒಂಬತ್ತು ರಾತ್ರಿ ಬ್ಯಾಕುಲಾ ಸುಮ್ಮನೆ ಇರಲಿಲ್ಲ. ‘ಅಪೆಂಡಬಲ್ ವಾಲ್ಯೂಮ್ ಇಲ್ಲ, ಲೇಬಲ್ ಮಾಡಿ’ ಅಂತ ಕೂಗಿಕೊಂಡಿರುತ್ತದೆ. ಆ ಮೇಲ್ ಯಾರಿಗೆ ಹೋಗುತ್ತಿದೆ? ಮೆಸೇಜಸ್ ಭಾಗದಲ್ಲಿ ಇರುವ ವಿಳಾಸ ನೋಡು.

ಇದರಲ್ಲಿ ನೀನೊಬ್ಬನೇ ಅಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ (ಕೋಡ್ ಇಡುವ ಸೇವೆ ಕೊಡುವ ಕಂಪನಿ) ಒಬ್ಬ ಎಂಜಿನಿಯರ್ ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಫೋಲ್ಡರ್ ಅಳಿಸಿದರು. ಸರಿ, ಬ್ಯಾಕಪ್ ಇದೆಯಲ್ಲ ಅಂತ ನೋಡಿದರೆ ಬ್ಯಾಕಪ್ ಇಡುವ ಕ್ಲೌಡ್ ಬಕೆಟ್ ಖಾಲಿ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಡಂಪ್ (ಡೇಟಾಬೇಸ್‌ನ ಪೂರ್ತಿ ನಕಲು) ತೆಗೆಯುತ್ತಿದ್ದ ಟೂಲ್ 9.2ರದ್ದು. ಅದು ಪ್ರತಿ ಸಲ ಎರರ್ ಕೊಟ್ಟು ನಿಲ್ಲುತ್ತಿತ್ತು. ಎರರ್ ಮೇಲ್ ಕೂಡ ಹೊರಡುತ್ತಿತ್ತು, ಆದರೆ ಡಿಮಾರ್ಕ್ (ಕಳುಹಿಸಿದವರು ಅಸಲಿಯೇ ಅನ್ನುವ) ಪರೀಕ್ಷೆ ಪಾಸಾಗದೆ ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಯಾರೋ ಬೇರೆ ಕೆಲಸಕ್ಕೆ ಅಂತ ಆರು ಗಂಟೆ ಮುಂಚೆ ಕೈಯಲ್ಲಿ ತೆಗೆದಿದ್ದ ಸ್ನ್ಯಾಪ್‌ಶಾಟ್ (ಆ ಕ್ಷಣದ ನಕಲು) ಅವರನ್ನು ಉಳಿಸಿತು. ಇದನ್ನೆಲ್ಲ ಅವರೇ ಮುಚ್ಚಿಡದೆ ಬರೆದು ಹಾಕಿದರು. ಆ ಧೈರ್ಯಕ್ಕೆ ನಾನು ಈಗಲೂ ಕೈ ಮುಗಿಯುತ್ತೇನೆ.

ಹೊಸಬ_ಅಡ್ಮಿನ್ · ಸಂಜೆ 4:48

ಅಕ್ಕ, ಮೇಲ್ ಹೋಗುತ್ತಿದ್ದದ್ದು ಹಿಂದಿನವರ ವಿಳಾಸಕ್ಕೆ. ಅವರು ಬಿಟ್ಟ ದಿನವೇ ಆ ಖಾತೆ ಮುಚ್ಚಿದ್ದಾರೆ.

ಆದರೆ ಅದು ಸಣ್ಣ ವಿಷಯ ಆಗಿಬಿಟ್ಟಿದೆ. ಟೇಪಣ್ಣ ಸರ್ ಹೇಳಿದ ಹಾಗೆ ರೀಸ್ಟೋರ್ ಮಾಡಿದೆ. ಎಕ್ಸೆಲ್ ಫೈಲ್ ಬಂತು, ಆಫೀಸಿನವರು ಖುಷಿ. ಅದೇ ಜೋಶ್‌ನಲ್ಲಿ ಫೀಸು ಡೇಟಾಬೇಸ್‌ನ ಡಂಪ್ ಕೂಡ ತೆಗೆದೆ. ಫೈಲ್ ಬಂತು. ಗಾತ್ರ 20 ಬೈಟ್.

20 ಜಿಬಿ ಅಲ್ಲ, 20 ಬೈಟ್.

ಸೆಪ್ಟೆಂಬರ್ ಫುಲ್‌ನಲ್ಲಿ ನೋಡಿದೆ, ಅಲ್ಲೂ 20 ಬೈಟ್. ಆ ಜಾಬ್‌ಗಳ ಮುಂದೆಲ್ಲ ‘ಬ್ಯಾಕಪ್ ಓಕೆ’ ಅಂತ ಇದೆ. ಕೈ ಕಾಲು ತಣ್ಣಗಾಗಿದೆ.

ಕ್ರಾನ್_ಕಮಲ · ಸಂಜೆ 4:55

ಮೊದಲು ನೀರು ಕುಡಿ. ಲೈವ್ ಡೇಟಾಬೇಸ್ ಚೆನ್ನಾಗಿ ಓಡುತ್ತಿದೆ ಅಲ್ವಾ? ಹಾಗಿದ್ದರೆ ಏನೂ ಕಳೆದುಹೋಗಿಲ್ಲ. ಈಗಲೇ ಕೈಯಲ್ಲಿ ಒಂದು ಡಂಪ್ ತೆಗೆ, ನ್ಯಾಸ್ ಅಲ್ಲದ ಬೇರೆ ಮಷಿನ್‌ಗೆ ನಕಲು ಮಾಡು. ಆಮೇಲೆ ಮಾತಾಡೋಣ.

20 ಬೈಟ್ ಅಂದರೆ ಏನು ಅಂತ ನನಗೆ ಗೊತ್ತು. ಏನೂ ಇಲ್ಲದ್ದನ್ನು ಜಿಜಿಪ್ (ಫೈಲ್ ಕುಗ್ಗಿಸುವ ಟೂಲ್) ಮಾಡಿದರೆ ಬರುವ ಗಾತ್ರ ಅದು. ಡಂಪ್ ಸ್ಕ್ರಿಪ್ಟ್‌ನಲ್ಲಿ ಮೈಎಸ್‌ಕ್ಯುಎಲ್‌ಡಂಪ್, ಪೈಪ್ ಗೆರೆ (ಮೊದಲಿನದರ ಔಟ್‌ಪುಟ್ ಮುಂದಿನದಕ್ಕೆ ಕೊಡುವುದು), ಜಿಜಿಪ್ ಅಂತ ಒಂದೇ ಸಾಲು ಇರಬೇಕು, ನೋಡು.

ಹೊಸಬ_ಅಡ್ಮಿನ್ · ಸಂಜೆ 5:40

ಡಂಪ್ ತೆಗೆದು ಎರಡು ಕಡೆ ಇಟ್ಟೆ. 1.3 ಜಿಬಿ ಬಂತು, ಈಗ ಉಸಿರಾಡುತ್ತಿದ್ದೇನೆ.

ಹೌದು ಅಕ್ಕ, ನೀವು ಹೇಳಿದ್ದೇ ಸಾಲು. ಕೈಯಲ್ಲಿ ಓಡಿಸಿದರೆ ‘ಆಕ್ಸೆಸ್ ಡಿನೈಡ್’. ಹಿಂದಿನವರು ಹೋದ ಮೇಲೆ ಎಲ್ಲ ಪಾಸ್‌ವರ್ಡ್ ಬದಲಿಸಿದ್ದಾರೆ, ಸ್ಕ್ರಿಪ್ಟ್‌ನಲ್ಲಿ ಹಳೆಯದೇ ಇದೆ.

ಬಿಂದಾಸ್_ಬೈಟ್ · ಸಂಜೆ 5:52

ಹಾಗಾದರೆ ಬ್ಯಾಕುಲಾ ಓಕೆ ಅಂತ ಯಾಕೆ ಹೇಳಿತು? ಇದು ಬಗ್ ಅಲ್ವಾ? ಸ್ಕ್ರಿಪ್ಟ್ ಫೇಲ್ ಆದರೆ ಜಾಬ್ ಫೇಲ್ ಆಗಬೇಕು ತಾನೇ.

ಕ್ರಾನ್_ಕಮಲ · ಸಂಜೆ 6:15

ಬಗ್ ಅಲ್ಲ. ಕ್ಲೈಂಟ್ ರನ್ ಬಿಫೋರ್ ಜಾಬ್‌ನಲ್ಲಿ (ಬ್ಯಾಕಪ್‌ಗೆ ಮುಂಚೆ ಓಡಲು) ಕೊಟ್ಟ ಸ್ಕ್ರಿಪ್ಟ್ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಕೊಟ್ಟು ಮುಗಿದರೆ ಬ್ಯಾಕುಲಾ ಜಾಬನ್ನು ಫೇಲ್ ಮಾಡಿಯೇ ಮಾಡುತ್ತದೆ. ಇಲ್ಲಿ ಸ್ಕ್ರಿಪ್ಟ್ ಸೊನ್ನೆ ಕೊಟ್ಟಿದೆ. ಪೈಪ್ ಇದ್ದಾಗ ಶೆಲ್ ಸುಮ್ಮನೆ ಕೊನೆಯ ಕಮಾಂಡ್‌ನ ಫಲಿತಾಂಶ ನೋಡುತ್ತದೆ. ಡಂಪ್ ಸತ್ತಿತು, ಜಿಜಿಪ್ ಖಾಲಿ ಕೈಯಲ್ಲಿ ಬಂದದ್ದನ್ನೂ ನೀಟಾಗಿ ಮಡಚಿ ಕೊಟ್ಟು ‘ನನ್ನ ಕೆಲಸ ಆಯಿತು’ ಅಂದಿತು. ಬ್ಯಾಕುಲಾ ಆ 20 ಬೈಟನ್ನು ನಿಷ್ಠೆಯಿಂದ ಕಾಪಾಡಿಕೊಂಡು ಬಂದಿದೆ ಪಾಪ. ‘ಓಕೆ’ ಅಂದರೆ ಕೊಟ್ಟದ್ದನ್ನು ಇಟ್ಟಿದ್ದೇನೆ ಅಂತ ಅಷ್ಟೇ. ಕೊಟ್ಟದ್ದರಲ್ಲಿ ಏನಿತ್ತು ಅಂತ ಅದು ನೋಡುವುದಿಲ್ಲ.

ಸರಿಮಾಡಲು: ಸ್ಕ್ರಿಪ್ಟನ್ನು ಬ್ಯಾಶ್‌ನಲ್ಲೇ ಓಡಿಸು, ಮೇಲುಗಡೆ ‘ಸೆಟ್’ ಸಾಲಿನಲ್ಲಿ ‘ಪೈಪ್‌ಫೇಲ್’ ಆಯ್ಕೆ ಹಾಕು. ಆಗ ನಡುವೆ ಯಾರು ಸತ್ತರೂ ಇಡೀ ಸಾಲು ಫೇಲ್. ಟೇಬಲ್‌ಗಳು ಇನ್ನೋಡಿಬಿ (ಮೈಎಸ್‌ಕ್ಯುಎಲ್‌ನ ಒಂದು ಟೇಬಲ್ ಮಾದರಿ) ಆಗಿದ್ದರೆ ‘ಸಿಂಗಲ್ ಟ್ರಾನ್ಸಾಕ್ಷನ್’ ಹಾಕು, ಲಾಕ್ ಇಲ್ಲದೆ ಒಂದೇ ಕ್ಷಣದ ಚಿತ್ರ ಸಿಗುತ್ತದೆ. ಜಿಜಿಪ್‌ನ ಟೆಸ್ಟ್ ಆಯ್ಕೆಯನ್ನು ನಂಬಬೇಡ, 20 ಬೈಟ್ ಫೈಲ್ ಕೂಡ ಅದರಲ್ಲಿ ಪಾಸ್ ಆಗುತ್ತದೆ! ಮೈಎಸ್‌ಕ್ಯುಎಲ್‌ಡಂಪ್ ಸರಿಯಾಗಿ ಮುಗಿದರೆ ಕೊನೆಯ ಸಾಲಿನಲ್ಲಿ ‘ಡಂಪ್ ಕಂಪ್ಲೀಟೆಡ್’ ಅಂತ ತಾರೀಖಿನ ಜೊತೆ ಬರೆಯುತ್ತದೆ. ಸ್ಕ್ರಿಪ್ಟ್ ಆ ಸಾಲನ್ನು ಹುಡುಕಲಿ, ಸಿಗದಿದ್ದರೆ 1 ಕೊಟ್ಟು ಹೊರಬರಲಿ.

ನನಗೆ ಇದು ಹೇಗೆ ಗೊತ್ತು ಅಂದರೆ, ನನ್ನದು ಏಳು ತಿಂಗಳು ಹೀಗೇ ಓಡಿತ್ತು. ಯಾರಿಗೂ ಹೇಳಿರಲಿಲ್ಲ.

ಟೇಪಣ್ಣ · ರಾತ್ರಿ 8:30

ಈಗ ಕ್ರಮ. ಇವತ್ತು ಹಳೆಯ ವಾಲ್ಯೂಮ್ ಒಂದನ್ನೂ ಮುಟ್ಟಬೇಡಿ. 700 ಜಿಬಿ ಖಾಲಿ ಇದೆಯಲ್ಲ, ಮ್ಯಾಕ್ಸಿಮಮ್ ವಾಲ್ಯೂಮ್ಸ್ 130 ಮಾಡಿ. ರೀಲೋಡ್ ಕೊಟ್ಟು, ‘ಅಪ್‌ಡೇಟ್’ನಲ್ಲಿ ‘ಪೂಲ್ ಫ್ರಮ್ ರಿಸೋರ್ಸ್’ ಕೂಡ ಒಮ್ಮೆ ಕೊಟ್ಟುಬಿಡಿ. ಲೇಬಲ್ ಫಾರ್ಮ್ಯಾಟ್ (ವಾಲ್ಯೂಮ್‌ಗೆ ಹೆಸರಿಡುವ ಮಾದರಿ) ಇದ್ದರೆ ಹೊಸ ವಾಲ್ಯೂಮ್ ತಾನೇ ಹುಟ್ಟುತ್ತದೆ. 60 ಅಂತ ಹಾಕಿದ ರಿಟೆನ್ಷನ್ ತೆಗೆದು 120 ಮಾಡಿ, ತಿಂಗಳಿಗೊಂದು ಫುಲ್ ಇರುವಾಗ 60 ತುಂಬಾ ಬಿಗಿ. ನಂತರ ಮೂರೂ ಮಷಿನ್‌ಗೆ ಕೈಯಲ್ಲಿ ಫುಲ್, ಕೊನೆಗೆ ಕ್ಯಾಟಲಾಗ್. ಹೊಸ ಫುಲ್‌ನಿಂದ ಡಂಪ್ ರೀಸ್ಟೋರ್ ಮಾಡಿ ನೋಡಿದ ಮೇಲೆ ಹಳೆಯ ವಾಲ್ಯೂಮ್‌ಗಳಿಗೆ ‘ಅಪ್‌ಡೇಟ್’ ಕೊಡಿ.

ಜೂನ್‌ನ ಹಳೆಯ ಡಂಪ್ ಬೇಕು ಅಂತ ಯಾರಾದರೂ ಕೇಳಿದರೆ ಒಂದು ತೊಡಕಿದೆ. ಫೈಲ್ ರಿಟೆನ್ಷನ್ (ಕ್ಯಾಟಲಾಗ್‌ನಲ್ಲಿ ಫೈಲ್‌ಗಳ ಪಟ್ಟಿ ಇರುವ ಅವಧಿ) ಅನ್ನುವುದು ಬೇರೆ, ಮಾಮೂಲಿ 60 ದಿನ. ಅದು ಮುಗಿದ ಮೇಲೆ ವಾಲ್ಯೂಮ್‌ನಲ್ಲಿ ಡೇಟಾ ಇದ್ದರೂ ಒಂದೊಂದೇ ಫೈಲ್ ಆರಿಸಲು ಆಗುವುದಿಲ್ಲ. ಇಡೀ ಜಾಬ್ ರೀಸ್ಟೋರ್ ಮಾಡಲಾ ಅಂತ ಕೇಳುತ್ತದೆ. ‘ಎಸ್’ ಅನ್ನಿ, ಜಾಗ ಇರುವ ಕಡೆಗೆ ಬಿಡಿ, ಬೇಕಾದ್ದು ಹೆಕ್ಕಿಕೊಳ್ಳಿ.

ಹೊಸಬ_ಅಡ್ಮಿನ್ · ಮಂಗಳವಾರ, ಬೆಳಿಗ್ಗೆ 9:20

ರಾತ್ರಿ ಲಿನಕ್ಸ್ ಸರ್ವರ್ ಫುಲ್ ಮುಗಿಯಿತು. 180 ಜಿಬಿ. ಆದರೆ 4 ಗಂಟೆ 28 ನಿಮಿಷ ಹಿಡಿಯಿತು. ರಿಪೋರ್ಟ್‌ನಲ್ಲಿ ರೇಟ್ 11,200 ಕೆಬಿ ಅಂತ ಇದೆ. ಇದು ಸರಿಯಾ? ಸ್ವಿಚ್ ಗಿಗಾಬಿಟ್‌ದು.

ಶಿರಸಿ_ಅಡಿಕೆ · ಬೆಳಿಗ್ಗೆ 9:34

ಸರಿ ಅಲ್ಲ. ಸೆಕೆಂಡಿಗೆ 11 ಎಂಬಿ ಹತ್ತಿರ ಸಿಕ್ಕಿಕೊಂಡರೆ ಅದು 100 ಮೆಗಾಬಿಟ್ ಲಿಂಕ್‌ನ ಗುರುತು. ಕೇಬಲ್ ಬದಲಿಸಿ ನೋಡಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಸಾಕು. ಒಂದು ಜೋಡಿ ಕಿತ್ತರೆ ಲಿಂಕ್ ಸದ್ದಿಲ್ಲದೆ 100ಕ್ಕೆ ಇಳಿದು ಕೂರುತ್ತದೆ. ರ್‍ಯಾಕ್ ತೊಳೆದಾಗ ಎಳೆದಿರಬಹುದು.

ಹೊಸಬ_ಅಡ್ಮಿನ್ · ಬೆಳಿಗ್ಗೆ 11:50

ನ್ಯಾಸ್‌ನ ಕೇಬಲ್! ಕ್ಲಿಪ್ ಮುರಿದಿತ್ತು, ಅರ್ಧ ಹೊರಗೆ ಬಂದಿತ್ತು. ಬದಲಿಸಿದೆ. ಲೈಬ್ರರಿ ಸರ್ವರ್ 90 ಜಿಬಿ, 22 ನಿಮಿಷದಲ್ಲಿ ಮುಗಿಯಿತು.

ವಿಂಡೋಸ್‌ನದು ಮಾತ್ರ ‘ಓಕೆ ವಿತ್ ವಾರ್ನಿಂಗ್ಸ್’. ವಿಎಸ್‌ಎಸ್ ರೈಟರ್ ಅಂತ ಏನೋ ಇದೆ.

ಕ್ರಾನ್_ಕಮಲ · ಮಧ್ಯಾಹ್ನ 12:08

ವಿಎಸ್‌ಎಸ್ ಅಂದರೆ ಬಳಕೆಯಲ್ಲಿರುವ ಫೈಲಿನ ಸ್ನ್ಯಾಪ್‌ಶಾಟ್ ತೆಗೆಯುವ ವಿಂಡೋಸ್ ವ್ಯವಸ್ಥೆ. ವಿಂಡೋಸ್‌ನಲ್ಲಿ ಅಡ್ಮಿನ್ ಪ್ರಾಂಪ್ಟ್ ತೆಗೆದು ‘ವಿಎಸ್‌ಎಸ್‌ಅಡ್ಮಿನ್ ಲಿಸ್ಟ್ ರೈಟರ್ಸ್’ ಕೊಡು. ‘ಸ್ಟೇಬಲ್’ ಇಲ್ಲದ ರೈಟರ್ ಯಾವುದು ನೋಡು, ಅದಕ್ಕೆ ಸೇರಿದ ಸರ್ವಿಸ್ ರೀಸ್ಟಾರ್ಟ್ ಮಾಡು. ‘ಟೈಮ್ಡ್ ಔಟ್’ ಅಂತ ಇದ್ದರೆ ಅದೇ ಹೊತ್ತಿಗೆ ಡಿಸ್ಕ್‌ಗೆ ಬೇರೆ ಭಾರೀ ಕೆಲಸ ಬಿದ್ದಿರುತ್ತದೆ. 11ಕ್ಕೆ ಆಂಟಿವೈರಸ್ ಸ್ಕ್ಯಾನ್ ಇದೆಯಾ?

ಹೊಸಬ_ಅಡ್ಮಿನ್ · ಮಧ್ಯಾಹ್ನ 12:31

ಇದೆ ಅಕ್ಕ. ಸರಿಯಾಗಿ 11ಕ್ಕೆ. ಬೆಳಗಿನ ಜಾವ 4ಕ್ಕೆ ಹಾಕಿದೆ.

ಹೊಸಬ_ಅಡ್ಮಿನ್ · ಗುರುವಾರ, ಸಂಜೆ 5:15

ನಿನ್ನೆ ರಾತ್ರಿಯ ಮೂರೂ ಇನ್‌ಕ್ರಿಮೆಂಟಲ್ ಮತ್ತು ಕ್ಯಾಟಲಾಗ್ 11:52ರ ಒಳಗೆ ಮುಗಿದಿವೆ. ಮೇಲ್ ನನಗೂ ಬರುತ್ತದೆ, ಪ್ರಿನ್ಸಿಪಾಲರ ಆಫೀಸಿಗೂ ಒಂದು ಪ್ರತಿ ಹೋಗುತ್ತದೆ. ಅವರು ಬೆಳಿಗ್ಗೆ ಫೋನ್ ಮಾಡಿ ‘ಇದೇನಪ್ಪಾ ದಿನಾ ನಾಲ್ಕು ಮೇಲ್’ ಅಂತ ಕೇಳಿದರು. ಬರದಿದ್ದ ದಿನ ನನಗೆ ಫೋನ್ ಮಾಡಿ ಸರ್ ಅಂದೆ.

ಇವತ್ತು ಡಂಪನ್ನು ಒಂದು ಹಳೆಯ ಡೆಸ್ಕ್‌ಟಾಪ್‌ನಲ್ಲಿ ಪೂರ್ತಿ ಏರಿಸಿ ನೋಡಿದೆ. ಫೀಸು ಕೌಂಟರ್‌ನವರನ್ನೇ ಕರೆದುಕೊಂಡು ಬಂದು ಅವರ ರಸೀದಿ ಪುಸ್ತಕದ ಜೊತೆ ತಾಳೆ ಹಾಕಿಸಿದೆ. ಬ್ಯಾಕಪ್ ಆದ ದಿನದ ಕೊನೆಯ ರಸೀದಿ ಸಂಖ್ಯೆ ಸರಿಹೊಂದಿತು. ಹಳೆಯ ವಾಲ್ಯೂಮ್‌ಗಳಿಗೆ ಈಗಷ್ಟೇ 120 ದಿನ ‘ಅಪ್‌ಡೇಟ್’ ಕೊಟ್ಟೆ.

ನೋಟ್‌ಬುಕ್‌ನಲ್ಲಿ ‘ಹಳೆಯ 20 ಪರ್ಜ್’ ಸಾಲನ್ನು ಹೊಡೆದು ಹಾಕಿ, ಕೆಳಗೆ ಬರೆದಿದ್ದೇನೆ: ‘ಆಯುಧ ಪೂಜೆಗೆ ಆಫ್ ಮಾಡುವ ಮುಂಚೆ ಫುಲ್ ಕೈಯಲ್ಲಿ ಓಡಿಸುವುದು. ನ್ಯಾಸ್ ಕೇಬಲ್‌ಗೆ ಕುಂಕುಮ ಬೇಡ.’

ಟೇಪಣ್ಣ · ಸಂಜೆ 5:40

ಬಿಸ್ಕ್ಯಾನ್ ಬಗ್ಗೆಯೂ ಅರ್ಧ ಪುಟ ಬರೆದಿಡಿ. ಮತ್ತೆ, ಆ ನೋಟ್‌ಬುಕ್‌ಗೆ ಒಂದು ಜೆರಾಕ್ಸ್ ತೆಗೆಸಿ.